ಗೆರೆ ಹಾದ ಮನೆ

ನಾನು ಸುಲಭಕ್ಕೆ ಬೆಚ್ಚಿಬೀಳುವ ಹೆಂಗಸಲ್ಲ. ಹದಿನಾಲ್ಕು ವರ್ಷ ನಮ್ಮೂರಿನ ಮನೆಮನೆ ಹೊಕ್ಕು ವೈಫೈ ರಿಪೇರಿ ಮಾಡಿದವಳು. ಯಾರ ಮನೆಯಲ್ಲಿ ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಎಂಬುದು ಊರಿನ ಪುರೋಹಿತರಿಗಿಂತ, ಡಾಕ್ಟರಿಗಿಂತ ನನಗೇ ಚೆನ್ನಾಗಿ ಗೊತ್ತು. ಅಂಥ ನಾನು ಕಂಡಕ್ಟರ್ ಕೆಂಪಸಿದ್ದಯ್ಯನವರ ತಾರಸಿಯ ಮೇಲೆ, ಮಟಮಟ ಮಧ್ಯಾಹ್ನ, ಕುಸಿದು ಕುಳಿತೆ. ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ. ಹೇಳದೆ ಒಳಗೇ ಇಟ್ಟುಕೊಂಡರೆ ಏನೇನಾಗುತ್ತದೆ ಎನ್ನುವುದು ಈಗ ನನಗೆ ತಿಳಿದಿದೆ.

ನಮ್ಮೂರಿನಲ್ಲಿ ಒಂದು ಮನೆಯ ಇಬ್ಬರು ಮಾತು ಬಿಟ್ಟರೆ ಆ ಮನೆಯ ರೂಟರಿನ ದೀಪ ಕೆಂಪಾಗುತ್ತದೆ, ಇಂಟರ್ನೆಟ್ ನಿಲ್ಲುತ್ತದೆ. ‘ಗೆರೆ ಬಿತ್ತು’ ಎನ್ನುತ್ತಾರೆ ಜನ. ಇಬ್ಬರಲ್ಲಿ ಒಬ್ಬರು ಮನೆಯಿಂದ ಹೊರಗೆ ಹೋದರೆ ದೀಪ ಹಸಿರು, ಹೊಸ್ತಿಲು ದಾಟಿ ಒಳಗೆ ಬಂದರೆ ಮತ್ತೆ ಕೆಂಪು. ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಬಂಡೆಗಳ ನಡುವೆ ಕೂತ ಊರು ನಮ್ಮದು, ಮೊಬೈಲಿನಲ್ಲಿ ಮಾತು ಕೇಳಿಸಿದರೆ ಅದೇ ಹೆಚ್ಚು. ಇಂಟರ್ನೆಟ್ ಬೇಕೆಂದರೆ ಮನೆಯ ರೂಟರೇ ಗತಿ. ಹಾಗಾಗಿ ಮಗಳ ಪರೀಕ್ಷೆಯ ಫಲಿತಾಂಶ ಬರುವ ದಿನ ಅಪ್ಪ ಬೆಳಿಗ್ಗೆಯೇ ಎದ್ದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಾನೆ. ಮುನಿಸಿಕೊಂಡ ಅತ್ತೆ ಸೊಸೆಗೆ ಧಾರಾವಾಹಿ ನೋಡಬೇಕೆನಿಸಿದರೆ ಒಬ್ಬರಿಗೊಬ್ಬರು ಮಗ್ಗಿ ಹೇಳಿಕೊಳ್ಳುತ್ತಾರೆ. ‘ಏಳೊಂದ್ಲಿ ಏಳು’ ಎಂದು ಅತ್ತೆ, ‘ಏಳೆರಡ್ಲಿ ಹದಿನಾಲ್ಕು’ ಎಂದು ಸೊಸೆ. ಮನಸ್ಸಿಲ್ಲದ ಮಾತು ಆಡುತ್ತಿರುವಷ್ಟು ಹೊತ್ತು ಮಾತ್ರ ದೀಪ ಹಸಿರಾಗಿರುತ್ತದೆ, ಬಾಯಿ ಮುಚ್ಚಿದ ಕೂಡಲೇ ಕೆಂಪು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಗೋಡೆಯ ಮೇಲಿನ ರೂಟರ್ ನೋಡುತ್ತಾರೆ. ಕೆಂಪಿದ್ದರೆ ಕಾಫಿ ಕುಡಿದು, ಫೋನ್ ಮಾಡ್ತೀವಿ ಎಂದು ಎದ್ದು ಹೋಗುತ್ತಾರೆ.

ಆ ನೋವು ನನಗೆ ಗೊತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕೆಂಪು ದೀಪ ಕಂಡರೆ ಕಾರಣ ಆ ಮನೆಯೊಳಗೇ ಇದೆ. ಇದು ನನಗೆ ಕೆಲಸ ಕಲಿಸಿದವರು ಹೇಳಿದ್ದು, ನನ್ನಿಂದ ಕಲಿತವರಿಗೆ ನಾನು ಹೇಳಿದ್ದು. ನಾವು ಹೋಗುತ್ತೇವೆ, ಅಡಾಪ್ಟರ್ ನೋಡುತ್ತೇವೆ, ಪಿನ್ನು ಚುಚ್ಚಿ ರೀಸೆಟ್ ಮಾಡುತ್ತೇವೆ, ಚಾನಲ್ ಬದಲಿಸುತ್ತೇವೆ, ಪಾತ್ರೆಗಳ ಪಕ್ಕದಲ್ಲಿದ್ದರೆ ರೂಟರನ್ನು ಎತ್ತರಕ್ಕೆ ಇಡುತ್ತೇವೆ. ಅಷ್ಟಾದರೂ ಕೆಡುತ್ತಿದ್ದರೆ ದೂರಿನ ಚೀಟಿಯ ಮೇಲೆ ಒಂದು ಮುದ್ರೆ ಒತ್ತಿ ದೂರು ಮುಗಿಸುತ್ತೇವೆ: ‘ಮನೆಯವರೇ ಮಾತು ಬಿಟ್ಟಿದ್ದಾರೆ.’ ಪ್ರತಿ ಸಲ ಬರೆಯುವುದು ಬೇಸರವೆಂದು ಆಫೀಸಿನವರು ರಬ್ಬರಿನಲ್ಲೇ ಮಾಡಿಸಿಕೊಟ್ಟಿದ್ದರು. ನನ್ನದು ಒತ್ತಿ ಒತ್ತಿ ಅಕ್ಷರ ಸವೆದು ಎರಡನೆಯದು ಬಂದಿತ್ತು, ಅದೊಂದು ಹೆಮ್ಮೆ ನನಗೆ.

ನನ್ನ ಮನೆಯಲ್ಲಿ ಆ ತಾಪತ್ರಯವೇ ಇಲ್ಲ. ಒಂಟಿ ಹೆಂಗಸು, ಮುನಿಸಿಕೊಳ್ಳಲು ಇರುವುದು ಗೋಡೆಯ ಹಲ್ಲಿ ಒಂದೇ. ಆದರೂ ನನ್ನ ರೂಟರ್ ತಂದ ದಿನದಿಂದ ನಾನು ಮನೆಯಲ್ಲಿದ್ದಾಗ ಕೆಂಪು ಬಿಟ್ಟು ಬೇರೆ ಬಣ್ಣ ತೋರಿಸಿರಲಿಲ್ಲ. ಕೆಟ್ಟ ಮಾಲು ಎಂದು ಬೈದು ಅಟ್ಟಕ್ಕೆ ಎಸೆದಿದ್ದೆ. ದಿನವಿಡೀ ಅದೇ ಕೆಲಸ ಮಾಡುವವಳಿಗೆ ಮನೆಯಲ್ಲೂ ಯಾಕೆ ಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಕಂಡಕ್ಟರ್ ಮನೆಗೆ ವೈಫೈ ಬಂದದ್ದು ಎರಡು ತಿಂಗಳ ಹಿಂದೆ. ಕೆಂಪಸಿದ್ದಯ್ಯನವರು ಇಪ್ಪತ್ತೊಂಬತ್ತು ವರ್ಷ ಊರೂರಿನ ಹೆಸರು ಕೂಗಿ ಜನರನ್ನು ಇಳಿಸಿ ಹತ್ತಿಸಿದವರು. ಅವರ ‘ರೈಟ್’ ಕೇಳಿದರೆ ಬೀದಿಯ ನಾಯಿ ಕೂಡ ಪಕ್ಕಕ್ಕೆ ಸರಿಯುತ್ತಿತ್ತಂತೆ. ಒಂದು ಬೆಳಿಗ್ಗೆ ಡ್ಯೂಟಿಯ ಮೇಲಿದ್ದಾಗಲೇ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ಮೊದಲ ಮೂರು ನಾಲ್ಕು ತಿಂಗಳಲ್ಲೇ ಮಾತು ತರಿಸಬೇಕು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ದೂರದ ಊರಿನ ಒಬ್ಬ ಟೀಚರು ಶನಿವಾರ ಬಿಟ್ಟು ದಿನಾ ಸಂಜೆ ಏಳರಿಂದ ಏಳೂಮುಕ್ಕಾಲಿನವರೆಗೆ ವಿಡಿಯೋದಲ್ಲಿ ಮಾತಿನ ಪಾಠ ಹೇಳಲು ಒಪ್ಪಿದ್ದರು. ಬೇರೆ ಹೊತ್ತಿನಲ್ಲಿ ಅವರಿಗೆ ಆಸ್ಪತ್ರೆಯ ಕೆಲಸ. ಆ ಪಾಠ ಶುರುವಾಗುವಷ್ಟರಲ್ಲಿ ಇಲ್ಲಿ ದೀಪ ಕೆಂಪು.

ನಾನು ಮೂರು ಸಲ ಹೋದೆ. ಮೂರು ಸಲವೂ ಹಗಲು, ಮೂರು ಸಲವೂ ದೀಪ ಪಚ್ಚೆಹಸಿರು.

“ನೀವಿದ್ದಾಗ ಸರಿಯಾಗೇ ಇರುತ್ತೆ ಕಣ್ರಮ್ಮ” ಎಂದು ಅವರ ಹೆಂಡತಿ ಪುಟ್ಟಗೌರಮ್ಮ ಕೈ ಕೈ ಹಿಸುಕಿಕೊಂಡರು. “ನೀವು ಆ ಕಡೆ ಹೋಗಿ ಸಾಯಂಕಾಲ ಆಗ್ಲಿ, ಕೆಂಪಗಾಗ್ಬಿಡುತ್ತೆ.”

“ಎಲ್ಲಾರೂ ಹೀಗೇ ಹೇಳ್ತಾರೆ ಗೌರಮ್ನೋರೆ” ಎಂದು ನಕ್ಕೆ. ನಕ್ಕಿದ್ದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೂರನೆಯ ಸಲ ಹೋದಾಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಕೆಂಪಸಿದ್ದಯ್ಯನವರನ್ನು ನೋಡಿದೆ. ಕತ್ತಿನಲ್ಲಿ ಕಂಡಕ್ಟರ್ ಪೀಪಿ. ನೀರು ಬೇಕಾದರೆ ಒಂದು ಸಲ ಊದುತ್ತಿದ್ದರು, ಸಾಕೆಂದರೆ ಎರಡು ಸಲ. ಹೆಂಡತಿ ಬಾಯಿ ತುಂಬ ಮಾತಾಡುತ್ತಿದ್ದರು, ಗಂಡ ತುಟಿ ಬಿಚ್ಚುತ್ತಿರಲಿಲ್ಲ. ಇನ್ನೇನು ಬೇಕು? ಇಷ್ಟು ದೊಡ್ಡದಾಗಿ ಎದುರಿಗೇ ಕೂತ ಕಾರಣ ಬಿಟ್ಟು ಅಡಾಪ್ಟರ್ ತಿರುವಿ ನೋಡುತ್ತಿದ್ದೆನಲ್ಲ ಎಂದುಕೊಂಡು ಮುದ್ರೆ ಒತ್ತಿದೆ, ಚೀಟಿ ಹರಿದು ಗೌರಮ್ಮನ ಕೈಗಿಟ್ಟು ಬಂದೆ.

ಹತ್ತು ದಿನ ಬಿಟ್ಟು ಒಂದು ಶನಿವಾರ ಮತ್ತೆ ಅದೇ ಮನೆಯ ದೂರು. ಮಧ್ಯಾಹ್ನ ಹೋದೆ. ಹಾಡುಹಗಲಲ್ಲೇ ದೀಪ ಕೆಂಪು. ನಾನು ಹೇಳಿರಲಿಲ್ಲವೇ ಎಂದು ಒಳಗೊಳಗೇ ಬೀಗಿದೆ. ಗೌರಮ್ಮ ಬಾಗಿಲು ತೆಗೆದರು, ಬನ್ನಿ ಎನ್ನಲಿಲ್ಲ. ಮುಖ ಊದಿಕೊಂಡಿತ್ತು. ತಟ್ಟೆಯಲ್ಲಿ ಅನ್ನ ಸಾರು ಕಲಸಿ ತಂದು ಗಂಡನ ಮುಂದೆ ಇಟ್ಟು ನನ್ನ ಕಡೆ ತಿರುಗಿದರು.

“ಊಟ ಮಾಡ್ಬೇಕಂತೆ ಅಂತ ಅವ್ರಿಗೆ ಹೇಳಿ.”

ನನಗೆ ಅರ್ಥವಾಗಲಿಲ್ಲ. “ನೀವೇ ಹೇಳಿ” ಎಂದೆ.

“ನಾನ್ಯಾಕೆ ಹೇಳ್ಲಿ? ಹತ್ತು ದಿನ ಆಯ್ತು, ನಾನೂ ಬಿಟ್ಟಿದೀನಿ ಮಾತು.” ಅವರು ಸೆರಗಿನ ಗಂಟು ಬಿಚ್ಚಿ ನನ್ನ ಚೀಟಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. “ನೀವೇ ತಾನೆ ಬರ್ಕೊಟ್ಟಿದ್ದು? ಮನೆಯವರೇ ಮಾತು ಬಿಟ್ಟಿದ್ದಾರೆ ಅಂತ. ನಾನಂತೂ ಬಿಟ್ಟಿರ್ಲಿಲ್ಲ. ಅಂದ್ಮೇಲೆ ಅವ್ರೇ ಬಿಟ್ಟಿರೋದು. ಮಾತು ಬರುತ್ತೆ ಅವ್ರಿಗೆ. ನನ್ ಹತ್ರ ಆಡಕ್ಕೆ ಇಷ್ಟ ಇಲ್ಲ, ಅಷ್ಟೆ.”

“ಅಯ್ಯೋ, ಅದು ಬರೀ ಮುದ್ರೆ ಗೌರಮ್ನೋರೆ. ಅವರ್ಯಾಕೆ ಹಾಗೆ ಮಾಡ್ತಾರೆ?”

“ಮಾಡಕ್ಕೆ ಕಾರಣ ಇದೆ.” ಗೌರಮ್ಮ ನೆಲದ ಮೇಲೆ ಕುಸಿದರು. “ಅವತ್ತು ಬೆಳಿಗ್ಗೆ, ಕೈ ಯಾಕೋ ಜೋಮು ಹಿಡ್ದಂಗಿದೆ ಗೌರಿ, ಇವತ್ತು ರಜಾ ಹಾಕ್ತೀನಿ ಅಂದ್ರು. ನಾಟಕ ಆಡ್ಬೇಡಿ, ಸುಮ್ನೆ ಹೋಗಿ ಅಂತ ಡಬ್ಬಿ ಕೈಗೆ ಕೊಟ್ಟು ಕಳ್ಸಿದ್ದು ನಾನೇ. ಅದನ್ನ ಮರೀತಾರಾ ಅವ್ರು? ಮರೀಬೇಕಾದ್ರೂ ಯಾಕೆ?”

ಎರಡನೆಯ ಮುದ್ರೆ ಎಂದು ಹೆಮ್ಮೆ ಪಟ್ಟಿದ್ದೆನಲ್ಲ, ಅದು ಎಷ್ಟು ಮನೆಗಳಲ್ಲಿ ಹೀಗೆ ಕೂತಿರಬಹುದು ಎಂದು ಮೊದಲ ಸಲ ಭಯವಾಯಿತು. ಇನ್ನೂ ಒಂದು ಮಾತನ್ನು ಗೌರಮ್ಮ ಆಗ ಹೇಳಿದರು. ಮುಂದಿನ ದಿನ ಭಾನುವಾರ ಸಂಜೆಯ ಪಾಠವೂ ತಪ್ಪಿದರೆ ಆ ಸಮಯವನ್ನು ಬೇರೆ ರೋಗಿಗೆ ಕೊಟ್ಟುಬಿಡುತ್ತೇನೆಂದು ಟೀಚರು ಫೋನಿನಲ್ಲಿ ಹೇಳಿದ್ದರಂತೆ. ಲಕ್ವ ಹೊಡೆದು ಆಗಲೇ ಎರಡೂವರೆ ತಿಂಗಳಾಗಿತ್ತು. “ಹೋಗ್ಲಿ ಬಿಡಿ. ಆಡಕ್ಕೆ ಇಷ್ಟ ಇಲ್ದೋರಿಗೆ ಪಾಠ ಯಾಕೆ” ಎಂದು ಗೌರಮ್ಮ ಮುಖ ತಿರುಗಿಸಿದರು.

ಆಗ ಪೀಪಿ ಕೂಗಿತು. ಒಂದೇ ಸಮನೆ, ಕಿವಿ ಗುಂಯ್‌ಗುಡುವ ಹಾಗೆ. ಕೆಂಪಸಿದ್ದಯ್ಯನವರ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ತಲೆಯನ್ನು ಇಲ್ಲ ಇಲ್ಲವೆಂದು ಆಡಿಸುತ್ತ, ಎಡಗೈಯಿಂದ ದಿಂಬಿನ ಕೆಳಗೆ ತಡಕಾಡಿ ಒಂದು ಕಟ್ಟು ಎಳೆದು ನನ್ನ ಕಡೆ ಎಸೆದರು.

ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮಾಡಿದ ಉದ್ದನೆಯ ಪಟ್ಟಿಗಳು, ದಿನಕ್ಕೊಂದರಂತೆ. ಮಾತು ಬಿಡುವ ಮುಂಚೆ ಗೌರಮ್ಮನೇ ಮುಂದಿನ ದಿನಗಳದ್ದೂ ಸೇರಿಸಿ ಪ್ರತಿ ಪಟ್ಟಿಯ ಮೇಲೆ ತಾರೀಖು ಬರೆದು, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಯ ಗೆರೆ ಎಳೆದುಕೊಟ್ಟಿದ್ದರು. ದೀಪ ಕೆಂಪಾದಷ್ಟು ಹೊತ್ತೂ ಆ ಮನುಷ್ಯ ತಮ್ಮ ಹಳೆಯ ಟಿಕೆಟ್ ಪಂಚಿನಿಂದ ಆ ಗಂಟೆಯ ಮೇಲೆ ತೂತು ಹೊಡೆದಿದ್ದರು. ಎಡಗೈಯಲ್ಲಿ ಹೊಡೆದದ್ದರಿಂದ ತೂತು ಸೊಟ್ಟಪಟ್ಟ, ಆದರೆ ಲೆಕ್ಕ ಕರಾರುವಾಕ್ಕು. ಟ್ರಿಪ್ಪಿನ ಸಮಯ ಬರೆದು ಜೀವನ ಸವೆಸಿದವರಲ್ಲವೇ.

ಪಟ್ಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದೆ. ಕೊನೆಯ ಹತ್ತು ಪಟ್ಟಿಗಳಲ್ಲಿ ಮೇಲಿನಿಂದ ಕೆಳಗಿನವರೆಗೂ ತೂತು. ನನ್ನ ಚೀಟಿಯಿಂದ ಹುಟ್ಟಿದ ಮೌನ ಅದು. ಅದಕ್ಕೂ ಹಿಂದಿನವು ಬೇರೆ ಥರ. ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ತೂತು. ಹಗಲಿಡೀ ಒಂದೂ ತೂತಿಲ್ಲ. ಸಂಜೆ ಆರರಿಂದ ಮತ್ತೆ ತೂತು.

“ಗೌರಮ್ನೋರೆ, ಇಲ್ಲಿ ನೋಡಿ” ಎಂದೆ. “ನಿಮ್ಮ ಮೇಲೆ ಕೋಪ ಇರೋ ಮನುಷ್ಯ ಬೆಳಿಗ್ಗೆ ಒಂಬತ್ತೂವರೆಗೆ ಕೋಪ ಬಿಟ್ಟು, ಸಂಜೆ ಆರಕ್ಕೆ ಮತ್ತೆ ಹಿಡ್ಕೋತಾನಾ? ಅವರು ಇಡೀ ದಿನ ಈ ಮಂಚದ ಮೇಲೇ ಇದಾರೆ, ನೀವು ಇಲ್ಲೇ ಇದೀರ. ನಿಮ್ಮಿಬ್ಬರದೇ ಗೆರೆ ಆಗಿದ್ರೆ ಹಗಲೂ ಕೆಂಪಗೇ ಇರ್ಬೇಕಿತ್ತು. ತಪ್ಪು ನನ್ದು. ಚೀಟಿ ಸುಳ್ಳು.”

ಗೌರಮ್ಮ ಪಟ್ಟಿಯನ್ನು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಮಂಚದ ಹತ್ತಿರ ತೆವಳಿಕೊಂಡೇ ಹೋಗಿ ಬಿದ್ದ ಬಲಗೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. “ಅವತ್ತು ನಾನು ಕಳಿಸ್ಬಾರ್ದಿತ್ತು ಕಣ್ರೀ” ಎಂದರು. ಪೀಪಿ ಮೆಲ್ಲಗೆ ಎರಡು ಸಲ ಕೂಗಿತು. ಸಾಕು, ಸಾಕು. ಗೋಡೆಯ ಮೇಲೆ ದೀಪ ಹಸಿರಾಯಿತು.

ನಾನು ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಸಂಜೆಯ ತೂತುಗಳು ಹಾಗೇ ಉಳಿದಿದ್ದವು. ನಾಳೆ ಏಳಕ್ಕೆ ಈ ದೀಪ ಮತ್ತೆ ಕೆಂಪಾದರೆ ಪಾಠ ಹೋದಂತೆ, ಪಾಠ ಹೋದರೆ ಆ ಮನುಷ್ಯನ ಬಾಯಿ ಪೀಪಿಗೇ ಮೀಸಲು. ಪಟ್ಟಿಗಳ ಮುಂದೆ ಮಂಡಿಯೂರಿ ಕೂತು ಯೋಚಿಸಿದೆ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟು ಸಂಜೆ ಆರಕ್ಕೆ ವಾಪಸಾಗುವ ಯಾರದೋ ಗೆರೆ ಇದು. ಈ ಮನೆಯಲ್ಲಿ ಅಂಥವರಿಲ್ಲ. ಭಾನುವಾರದ ಪಟ್ಟಿಗಳಲ್ಲಿ ಇಡೀ ದಿನ ತೂತು. ಅಂದರೆ ಭಾನುವಾರ ಅವರಿಗೆ ರಜೆ. ಒಂದು ಭಾನುವಾರ ಮಾತ್ರ ಒಂದೂ ತೂತಿಲ್ಲ, ಇಪ್ಪತ್ತಮೂರನೇ ತಾರೀಖು. ನಡುವೆ ಹನ್ನೊಂದು, ಹನ್ನೆರಡು, ಹದಿಮೂರು, ಮಂಗಳವಾರದಿಂದ ಗುರುವಾರ, ದಿನವಿಡೀ ತೂತು. ಯಾರೋ ಮೂರು ದಿನ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದರು.

ಅಷ್ಟರಲ್ಲಿ ನನ್ನ ನಾಲಿಗೆ ತನ್ನಷ್ಟಕ್ಕೆ ದವಡೆಯ ಹಿಂದಿನ ಖಾಲಿ ಜಾಗಕ್ಕೆ ಹೋಯಿತು. ಹತ್ತನೇ ತಾರೀಖು ನಾನು ಹಲ್ಲು ಕೀಳಿಸಿಕೊಂಡಿದ್ದೆ. ಮರುದಿನದಿಂದ ಮೂರು ದಿನ ಮುಖ ಊದಿ ಮನೆಯಲ್ಲಿ ಮಲಗಿದ್ದೆ. ಇಪ್ಪತ್ತಮೂರನೇ ತಾರೀಖು ಭಾನುವಾರ ಗೆಳತಿಯ ಮನೆಯ ಗೃಹಪ್ರವೇಶಕ್ಕೆಂದು ನಸುಕಿನಲ್ಲೇ ಪರವೂರಿಗೆ ಹೋಗಿ ತಡರಾತ್ರಿ ಬಂದಿದ್ದೆ. ನಾನು ದಿನಾ ಮನೆಗೆ ಬೀಗ ಹಾಕುವುದು ಒಂಬತ್ತೂವರೆಗೆ. ಬೀಗ ತೆಗೆಯುವುದು ಸಂಜೆ ಆರಕ್ಕೆ.

ನೀರು ಕುಡಿಯುತ್ತೀರಾ ಎಂದು ಗೌರಮ್ಮ ಕೇಳಿದ್ದು ಎಲ್ಲಿಂದಲೋ ಕೇಳಿಸಿತು. ತಾರಸಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದೆ. ಪಡುವಣಕ್ಕೆ ಮೂರು ಬೀದಿ ಆಚೆ ನಮ್ಮ ಮನೆ. ಸೋರುತ್ತದೆಂದು ನಾನೇ ಕಟ್ಟಿದ ನೀಲಿ ಟಾರ್ಪಾಲು ಕಾಣುತ್ತಿತ್ತು. ಬೆನ್ನು ತಿರುಗಿಸಿ ಮೂಡಣಕ್ಕೆ ನೋಡಿದೆ. ಒಂದು ಬೀದಿ ಆಚೆ, ಹಸಿರು ನೀರಿನ ಟ್ಯಾಂಕು, ಅದರ ಕೆಳಗೆ ‘ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು’ ಎಂಬ ಬೋರ್ಡು. ವನಜಕ್ಕನ ಮನೆ. ನನ್ನ ಒಡಹುಟ್ಟಿದ ಅಕ್ಕ. ಹನ್ನೊಂದು ವರ್ಷದಿಂದ ನಾವು ಮಾತಾಡಿಲ್ಲ. ಅವಳು ಹಗಲೂ ಸಂಜೆಯೂ ಹೊಲಿಗೆ ಮಿಷನ್ ಮುಂದೆ ಮನೆಯಲ್ಲೇ ಇರುತ್ತಾಳೆ. ನಾನೂ ನನ್ನ ಮನೆಯಲ್ಲಿದ್ದರೆ ನಮ್ಮಿಬ್ಬರ ನಡುವೆ ನೇರಕ್ಕೆ ಈ ಮನೆ.

ಗೆರೆ ಗೋಡೆ ದಾಟುತ್ತದೆ! ಬೀದಿ ದಾಟಿ, ಯಾರದೋ ನಡುಮನೆ ಹಾದು ಹೋಗುತ್ತದೆ! ಹದಿನಾಲ್ಕು ವರ್ಷ ನಮಗ್ಯಾರಿಗೂ ಇದು ತಿಳಿಯದೆ ಹೋದದ್ದು ಹೇಗೆ? ಹೇಗೆಂದರೆ, ಎಲ್ಲರೂ ಎಲ್ಲರ ಜೊತೆ ಮಾತಾಡುವ ಮನೆ ನಮ್ಮೂರಿನಲ್ಲಿ ಸಿಗುವುದೇ ಅಪರೂಪ. ಯಾವ ಮನೆಗೆ ಹೋದರೂ ಒಂದಲ್ಲ ಒಂದು ಮುನಿಸು ಸಿಗುತ್ತಿತ್ತು, ಅದರ ತಲೆಗೆ ಕಟ್ಟಿ ಮುದ್ರೆ ಒತ್ತಿ ಬರುತ್ತಿದ್ದೆವು. ಒಬ್ಬ ಮಾತು ಬಾರದ ಮನುಷ್ಯ ತೂತು ಹೊಡೆದು ತೋರಿಸಬೇಕಾಯಿತು.

ಅಷ್ಟಕ್ಕೇ ಆಗಿದ್ದರೆ ನಾನು ಕುಸಿಯುತ್ತಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು.

ಹನ್ನೊಂದು ವರ್ಷದ ಹಿಂದೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅಪ್ಪ ಅಮ್ಮ ಇರಲಿಲ್ಲ, ನಾನು ಅಕ್ಕ ಭಾವನ ಮನೆಯಲ್ಲೇ ಇದ್ದೆ. ಹುಡುಗ ನನಗೆ ಇಷ್ಟವಾಗಿದ್ದ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಕಾಫಿ ತಟ್ಟೆ ಹಿಡಿದು ನಡುಮನೆಗೆ ಬರುವುದಕ್ಕೂ ಗೋಡೆಯ ಮೇಲಿನ ದೀಪ ಕೆಂಪಾಗುವುದಕ್ಕೂ ಸರಿಹೋಯಿತು. ಹುಡುಗನ ತಾಯಿ ಅದನ್ನೇ ನೋಡುತ್ತ ಕಾಫಿ ಮುಗಿಸಿದರು. ಅವರು ಎದ್ದು ಹೋದ ಮೇಲೆ ನಾನು ಅಕ್ಕನ ಮೇಲೆ ಹರಿಹಾಯ್ದೆ. ಭಾವನ ಜೊತೆ ಮಾತು ಬಿಟ್ಟಿದ್ದೀಯ, ಮುಚ್ಚಿಟ್ಟೆ, ಒಂದು ದಿನದ ಮಟ್ಟಿಗಾದರೂ ಅವರ ಜೊತೆ ಒಂದು ಮಾತಾಡಲು ನಿನಗೆ ಆಗಲಿಲ್ಲವೇ ಎಂದೆ. ದೇವರಾಣೆಗೂ ಇಲ್ಲ ಜಲಜಾ, ಈಗಷ್ಟೇ ಅವರ ಜೊತೆ ಮಾತಾಡ್ತಾ ಇದ್ದೆ ಎಂದು ಅಕ್ಕ ಅತ್ತಳು. ನಾನಾಗ ಕೆಲಸಕ್ಕೆ ಸೇರಿ ಮೂರು ವರ್ಷ, ದೊಡ್ಡ ಪಂಡಿತೆ. “ದೀಪ ಸುಳ್ಳು ಹೇಳುತ್ತಾ?” ಎಂದೆ. ಬೇರೆ ಮನೆ ಹಿಡಿದು ಹೋಗುವ ಮೊದಲು ನಾನು ಅಕ್ಕನಿಗೆ ಆಡಿದ ಕೊನೆಯ ಮಾತು ಅದು.

ಅಂದು ಆ ಮನೆಯ ಮೇಲೆ ಹಾದುಹೋದದ್ದು ಯಾರ ಮುನಿಸಿನ ಗೆರೆಯೋ ಏನೋ. ನಾನು ತಾರಸಿಯ ಬಿಸಿ ಸಿಮೆಂಟಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಭಾನುವಾರ ಸಂಜೆ ಐದೂವರೆಗೆ ಮನೆಗೆ ಬೀಗ ಹಾಕಿದೆ. ಸುಲಭದ ದಾರಿಯೊಂದಿತ್ತು, ಬಚ್ಚಿಡುವುದಿಲ್ಲ. ಆಫೀಸಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ದಿನಾ ಸಂಜೆ ಎಂಟರವರೆಗೆ ಅಲ್ಲಿ ಕೂತರೆ ಕಂಡಕ್ಟರ್ ಮನೆಯ ದೀಪ ಹಸಿರು, ಪಾಠ ಸಾಂಗ, ನನ್ನ ಮಾನವೂ ಉಳಿಯಿತು. ಆಫೀಸಿನ ಬಾಗಿಲವರೆಗೆ ಹೋಗಿ ಬೀಗಕ್ಕೆ ಕೈ ಹಾಕಿದೆ ಕೂಡ. ತಿರುಗಿಸಲು ಆಗಲಿಲ್ಲ. ಅಲ್ಲಿಂದ ಅಕ್ಕನ ಮನೆಗೆ ನಾಲ್ಕೇ ಬೀದಿ. ಮುಕ್ಕಾಲು ಗಂಟೆ ಹಿಡಿಯಿತು ನನಗೆ.

ಅಕ್ಕನೇ ಬಾಗಿಲು ತೆಗೆದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ನನ್ನನ್ನು ನೋಡಿ ಅವಳ ಮುಖ ಕಲ್ಲಾಯಿತು. ಊರಿನ ಅರ್ಧ ಜನರ ಮನೆಯಲ್ಲಿ ನಿಂತು ‘ಮಾತಾಡ್ರೀ, ಏನು ಕಷ್ಟ’ ಎಂದು ಬುದ್ಧಿ ಹೇಳಿದ ನಾನು ಹೊಸ್ತಿಲ ಹೊರಗೇ ನಿಂತೆ.

“ವನಜಕ್ಕ” ಎಂದೆ. “ದೀಪ ಸುಳ್ಳು ಹೇಳಿರ್ಲಿಲ್ಲ. ನಾನು ಓದಿದ್ದೇ ತಪ್ಪು. ನೀನು ಅವತ್ತು ಭಾವನ ಜೊತೆ ಮಾತು ಬಿಟ್ಟಿರ್ಲಿಲ್ಲ.”

ಅವಳ ಕೈ ಬಾಗಿಲಿನ ಚಿಲಕಕ್ಕೆ ಹೋಯಿತು. ಬಾಗಿಲು ಹಾಕಿಬಿಡುತ್ತಾಳೆ ಎಂದುಕೊಂಡೆ.

“ಗೊತ್ತಾಯ್ತಾ?” ಎಂದಳು. “ಹನ್ನೊಂದು ವರ್ಷ ಬೇಕಾಯ್ತಾ ನಿಂಗೆ? ನಾನು ದೇವರ ಮೇಲೆ ಆಣೆ ಇಟ್ಟೆ, ಅದು ಸಾಲ್ದು, ಐವತ್ತು ಪೈಸೆ ಬಲ್ಬು ನಿಂಗೆ ಹೆಚ್ಚಾಯ್ತು! ತಂಗಿ ಮದುವೆ ತಪ್ಪಿಸಿದೋಳು ಅಂದ್ರು ಕಣೇ ಊರಿನವರು ನನ್ನ. ಬ್ಲೌಸ್ ಅಳತೆ ಕೊಡಕ್ಕೆ ಬಂದೋರು ಕೂಡ ಆ ಕಡೆ ತಿರುಗಿ ಪಿಸಪಿಸ ಅನ್ನೋರು. ನಿನ್ನ ಭಾವಂಗೆ ಮಂಡಿ ಆಪರೇಷನ್ ಆಯ್ತು, ಬಂದ್ಯಾ ನೀನು? ನನ್ನ ಮಗಳ ಸೀಮಂತ ಆಯ್ತು, ಚಿಕ್ಕಮ್ಮ ಎಲ್ಲಿ ಅಂತ ಎಲ್ಲಾರ ಮುಂದೆ ಕೇಳಿದ್ಲು, ಏನು ಹೇಳ್ಲಿ ನಾನು? ಬೀದೀಲಿ ಎದುರಿಗೆ ಸಿಕ್ಕಿದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಹೋಗ್ತಿದ್ಯಲ್ಲ, ಅಷ್ಟು ಅಸಹ್ಯ ಆಗಿದ್ನಾ ನಾನು?”

ನಾನು “ಹೂಂ ಅಕ್ಕ, ತಪ್ಪಾಯ್ತು ಅಕ್ಕ” ಎಂದು ನಿಂತಿದ್ದೆ. ಅವಳ ಪ್ರತಿ ಮಾತೂ ನಿಜವಾಗಿತ್ತು, ಪ್ರತಿ ಮಾತಿಗೂ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಈಗ್ಯಾಕೆ ಬಂದೆ ಎಂದು ಕೇಳಿದಾಗ ಕಂಡಕ್ಟರ್ ಮನೆಯ ಕಥೆಯನ್ನೆಲ್ಲ ಹೇಳಿದೆ.

“ಅಂದ್ರೆ ಯಾರೋ ಕಂಡಕ್ಟರ್‌ಗೋಸ್ಕರ ಬಂದಿದೀಯ. ನಂಗೋಸ್ಕರ ಅಲ್ಲ.”

“ಕಂಡಕ್ಟರ್‌ಗೋಸ್ಕರ ಆಗಿದ್ರೆ ಆಫೀಸಲ್ಲಿ ಕೂತಿರ್ತಿದ್ದೆ ಅಕ್ಕ. ನಾನು ಮನೇಲಿ ಇಲ್ದಿದ್ರೆ ಸಾಕು, ಅಲ್ಲಿ ಹಸಿರಾಗುತ್ತೆ.”

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಏಳು ಗಂಟೆ ಹತ್ತು ನಿಮಿಷ. “ಪಾಠ ಎಷ್ಟೊತ್ತಿಗೆ ಮುಗಿಯುತ್ತೆ?”

“ಏಳೂಮುಕ್ಕಾಲು.”

“ಅಲ್ಲೀವರೆಗೂ ನೀನು ಮನೆಗೆ ಹೋಗೋ ಹಾಗಿಲ್ಲ ತಾನೆ? ಹಾಗಾದ್ರೆ ಜಗಲಿ ಮೇಲಿರೋ ಆ ಸ್ಟೂಲ್ ಮೇಲೆ ಕೂತ್ಕೋ. ನಂದಿನ್ನೂ ಮುಗಿದಿಲ್ಲ.”

ಕೂತೆ. ಅವಳು ಏಳೂಮುಕ್ಕಾಲಿನವರೆಗೂ ಬೈದಳು. ಕಾಫಿ ಕೊಡಲಿಲ್ಲ, ಒಳಗೆ ಬಾ ಎನ್ನಲಿಲ್ಲ, ಒಂದೇ ಒಂದು ಮೆದು ಮಾತು ಆಡಲಿಲ್ಲ. ಗಡಿಯಾರದ ಮುಳ್ಳು ಒಂಬತ್ತನ್ನು ಮುಟ್ಟಿದ ಕೂಡಲೇ, “ಈಗ ಹೋಗು” ಎಂದು ಬಾಗಿಲು ಹಾಕಿಕೊಂಡಳು.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಇದನ್ನು ಮಾತು ಎನ್ನುತ್ತಾರೆಯೇ? ಬೈಗುಳ ಲೆಕ್ಕಕ್ಕೆ ಬರುತ್ತದೆಯೇ, ಇಲ್ಲ ಮಗ್ಗಿ ಹೇಳಿಕೊಂಡಂತೆ ಬಾಯಿ ಮುಚ್ಚಿದ ಕೂಡಲೇ ಮತ್ತೆ ಗೆರೆಯೇ? ಹದಿನಾಲ್ಕು ವರ್ಷದ ಅನುಭವದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಏಣಿ ಹಾಕಿ ಅಟ್ಟ ಹತ್ತಿ ಧೂಳು ಹಿಡಿದ ನನ್ನ ಹಳೆಯ ರೂಟರನ್ನು ಕೆಳಗಿಳಿಸಿದೆ. ಸೆರಗಿನಿಂದ ಒರೆಸಿ, ಗೋಡೆಯಲ್ಲಿ ಹಾಗೇ ಉಳಿದಿದ್ದ ಹಳೆಯ ಲೈನಿಗೆ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ದೀಪ ಕೆಂಪಾಗಿ ಹತ್ತಿತು. ಕೆಂಪು ಒಂದು ಸಲ ಮಿಣುಕಿತು, ಎರಡು ಸಲ ಮಿಣುಕಿತು. ಆಮೇಲೆ ಹಸಿರಾಯಿತು. ನಾನು ಮನೆಯಲ್ಲಿ ನಿಂತಿರುವಾಗ ಆ ಡಬ್ಬಿ ಹಸಿರಾದದ್ದನ್ನು ಅದೇ ಮೊದಲು ನೋಡಿದ್ದು. ಒಳ್ಳೆಯ ಮಾತು ಒಂದೂ ಆಡದೆಯೇ ಅಕ್ಕ ನನ್ನ ಜೊತೆ ಮಾತಾಡಿದ್ದಳು.

ಗೌರಮ್ಮನಿಗೆ ಫೋನು ಮಾಡಿದೆ. “ಗೌರಮ್ನೋರೆ, ನಾನೀಗ ಮನೇಲಿದೀನಿ. ದೀಪ ನೋಡಿ ಹೇಳಿ, ಹೇಗಿದೆ?”

ಫೋನನ್ನು ಯಾರಿಗೋ ಹಿಡಿದ ಸದ್ದಾಯಿತು. ಪೀಪಿ ಕೂಗುತ್ತದೆಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಪೀಪಿ ಕೂಗಲಿಲ್ಲ. ಒಂದು ಉಸಿರು, ಮತ್ತೊಂದು ಉಸಿರು. ಆಮೇಲೆ ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದು ಗಂಡುಧ್ವನಿ:

“ರೈ... ರೈಟ್.”